ಪಾಳಿಯ ಪಟ್ಟಿ ಮನೆಗೂ ಬೇಕು

(ದಾವಣಗೆರೆಯ ಸರಸ್ವತಿ ನಗರದಲ್ಲಿ ಸೇರಿದ್ದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನರ್ಸುಗಳ ಪಾಳಿಯ ಪಟ್ಟಿಯನ್ನು ಹೇಗೆ ತಯಾರಿಸಬೇಕು ಎಂಬುದು ಆಸ್ಪತ್ರೆಯ ಒಳಗೆ ತೀರ್ಮಾನವಾಗಬೇಕಾದ ವಿಷಯವಲ್ಲವೇ, ಅದನ್ನು ಕುಟುಂಬಗಳ ಸಭೆಗೇಕೆ ತರಬೇಕು ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಆ ಪಟ್ಟಿಯ ಪರಿಣಾಮ ಆಸ್ಪತ್ರೆಯ ಗೇಟಿನೊಳಗೆ ನಿಲ್ಲುವುದಿಲ್ಲ. ಅದು ನಮ್ಮ ಅಡುಗೆಮನೆಗೆ ಬರುತ್ತದೆ, ಮಕ್ಕಳ ಶಾಲೆಯ ಚೀಲಕ್ಕೆ ಬರುತ್ತದೆ, ನಿಕಾಹ್‌ನ ಮಾತುಕತೆಗೂ ಬರುತ್ತದೆ. ಆದುದರಿಂದ ಅದು ನಮ್ಮೆಲ್ಲರ ವಿಷಯ.

ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಇಂದು ಅದು ಆಸ್ಪತ್ರೆಗಳ ಊರು ಕೂಡ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾಯಿತು. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ಸಂಸ್ಥೆ ಮತ್ತು ಹಲವಾರು ಖಾಸಗಿ ನರ್ಸಿಂಗ್ ಹೋಮುಗಳಿಗೆ ಸುತ್ತಲಿನ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಇವುಗಳ ಜೊತೆಗೆ ನರ್ಸಿಂಗ್ ಶಾಲೆಗಳೂ ಕಾಲೇಜುಗಳೂ ಬೆಳೆದವು. ಸರಸ್ವತಿ ನಗರದಿಂದ, ಆಜಾದ್ ನಗರದಿಂದ, ಬಾಷಾ ನಗರದಿಂದ, ಹರಿಹರದಿಂದ ನಮ್ಮ ಹೆಣ್ಣುಮಕ್ಕಳು ಜಿ.ಎನ್.ಎಂ., ಬಿ.ಎಸ್ಸಿ. ನರ್ಸಿಂಗ್ ಕಲಿಯಲು ಹೋಗುತ್ತಿರುವುದು ಸಂತೋಷದ ಸಂಗತಿ.

ಆದರೆ ಈ ಸಂತೋಷ ಹಲವು ಮನೆಗಳಲ್ಲಿ ಅರ್ಧಕ್ಕೇ ನಿಲ್ಲುತ್ತಿದೆ. ಮಗಳು ಕೋರ್ಸಿಗೆ ಸೇರುವಾಗ ತಂದೆ ಸಾಲ ಮಾಡಿ ಫೀಸು ಕಟ್ಟುತ್ತಾನೆ. ಮೂರು ನಾಲ್ಕು ವರ್ಷ ಆಕೆ ಹಗಲಿರುಳು ಓದುತ್ತಾಳೆ, ವಾರ್ಡುಗಳಲ್ಲಿ ತರಬೇತಿ ಪಡೆಯುತ್ತಾಳೆ, ಕೆಲಸಕ್ಕೆ ಸೇರುತ್ತಾಳೆ. ಅನಂತರ ಸಂಬಂಧದ ಮಾತು ಬಂದಾಗ ಗಂಡಿನ ಕಡೆಯವರು ಕೇಳುವ ಮೊದಲ ಪ್ರಶ್ನೆ: ‘ನೈಟ್ ಡ್ಯೂಟಿ ಇದೆಯೇ?’ ಇದೆ ಎಂದರೆ ಮಾತು ಮುರಿಯುತ್ತದೆ, ಇಲ್ಲವೇ ಕೆಲಸ ಬಿಡುವ ಷರತ್ತಿನ ಮೇಲೆ ಮಾತು ಮುಂದುವರಿಯುತ್ತದೆ. ಹೀಗೆ ಒಬ್ಬ ತಂದೆಯ ಸಾಲ, ಒಬ್ಬ ಮಗಳ ನಾಲ್ಕು ವರ್ಷ, ಸಮಾಜಕ್ಕೆ ಸಿಗಬೇಕಿದ್ದ ಒಬ್ಬ ನುರಿತ ಶುಶ್ರೂಷಕಿ, ಮೂರೂ ಒಂದೇ ಪ್ರಶ್ನೆಗೆ ಬಲಿಯಾಗುತ್ತವೆ.

ರಾತ್ರಿಯ ಕೆಲಸ ನಮ್ಮ ಊರಿಗೆ ಹೊಸದೇ? ಈ ಸಭೆಯಲ್ಲಿರುವ ಹಿರಿಯರು ಉತ್ತರ ಹೇಳಲಿ. ದಾವಣಗೆರೆಯ ಗಿರಣಿಗಳಲ್ಲಿ ಪಾಳಿಯ ಮೇಲೆ ಜನ ದುಡಿದರು. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸಾವಿರಾರು ಕುಟುಂಬಗಳ ಒಲೆ ಉರಿಸಿತು. ಅದು ಮುಚ್ಚಿಹೋಗಿ ಬಹಳ ವರ್ಷಗಳಾದವು. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣಂನ ಕಾರ್ಖಾನೆಗೆ ಇಂದಿಗೂ ಜನ ಪಾಳಿಯ ಮೇಲೆ ಹೋಗುತ್ತಾರೆ. ಗಿರಣಿ ಕಾರ್ಮಿಕನ ಮನೆಯಲ್ಲಿ ಏನು ನಡೆಯುತ್ತಿತ್ತು? ಯಜಮಾನ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಬಂದು ಮಲಗಿದನೆಂದರೆ ಮಕ್ಕಳು ಅಂಗಳಕ್ಕೆ ಹೋಗಿ ಆಡಬೇಕಿತ್ತು. ರೇಡಿಯೋ ಬಂದ್. ಬಂದ ನೆಂಟರಿಗೆ ಮೆಲುದನಿಯಲ್ಲಿ ಮಾತನಾಡಲು ಹೇಳಲಾಗುತ್ತಿತ್ತು. ಎದ್ದ ಕೂಡಲೇ ಆತನಿಗೆ ಬಿಸಿ ರೊಟ್ಟಿ. ಯಾರೂ ಇದನ್ನು ಉಪಕಾರವೆಂದು ಎಣಿಸಲಿಲ್ಲ. ದುಡಿದು ಬಂದವನಿಗೆ ನಿದ್ರೆ ಬೇಕು ಎಂಬ ಸರಳ ತಿಳಿವಳಿಕೆ ಮನೆಮಂದಿಗೆಲ್ಲ ಇತ್ತು.

ಅದೇ ಮನೆಗಳಲ್ಲಿ ಇಂದು ಸೊಸೆ ಹನ್ನೆರಡು ಗಂಟೆಯ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಎಂಟೂವರೆಗೆ ಬಾಗಿಲಿಗೆ ಬರುತ್ತಾಳೆ. ಅವಳಿಗಾಗಿ ಕಾದಿರುವುದು ಬಿಸಿ ರೊಟ್ಟಿಯಲ್ಲ, ಆರಿದ ಒಲೆ. ನಾಷ್ಟಾ, ಪಾತ್ರೆ, ಬಟ್ಟೆ, ಮಧ್ಯಾಹ್ನದ ಅಡುಗೆ ಮುಗಿಸಿ ಒಂದು ಗಂಟೆಗೆ ಕಣ್ಣು ಮುಚ್ಚುತ್ತಾಳೆ. ಮೂರೂವರೆಗೆ ಮಗು ಶಾಲೆಯಿಂದ ಬರುತ್ತದೆ. ಸಂಜೆ ಏಳಕ್ಕೆ ಮತ್ತೆ ಆಸ್ಪತ್ರೆಯ ದಾರಿ. ಗಂಡಸಿನ ರಾತ್ರಿ ಪಾಳಿಗೆ ಕೊಟ್ಟ ಮರ್ಯಾದೆಯನ್ನು ಹೆಣ್ಣಿನ ರಾತ್ರಿ ಪಾಳಿಗೆ ಏಕೆ ಕೊಡುತ್ತಿಲ್ಲ? ಇಂದು ನಾವು ಹೇಳಬಯಸುವ ಮಾತು ಮುಖ್ಯವಾಗಿ ಇದೊಂದೇ. ಉಳಿದುದೆಲ್ಲ ಇದರ ವಿವರಣೆ.

ರಾತ್ರಿ ಎಚ್ಚರವಿರುವುದು ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಮನುಷ್ಯನ ದೇಹದೊಳಗೆ ಹಗಲು ರಾತ್ರಿಗೆ ಹೊಂದಿ ನಡೆಯುವ ಒಂದು ಗಡಿಯಾರವಿದೆ. ಅದು ಕೆಲಸ ಮಾಡುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಗಡಿಯಾರವನ್ನು ನಡೆಸುವುದು ಮುಖ್ಯವಾಗಿ ಬೆಳಕು. ಆದುದರಿಂದ ಹಗಲಿನ ನಿದ್ರೆ ರಾತ್ರಿಯ ನಿದ್ರೆಗಿಂತ ಚಿಕ್ಕದಾಗಿರುತ್ತದೆ, ಬೇಗ ಒಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರಾತ್ರಿ ಪಾಳಿಯ ಕೆಲಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗದಲ್ಲಿ 2007ರಲ್ಲಿ ಸೇರಿಸಿತು; 2019ರಲ್ಲಿ ಮತ್ತೆ ಪರಿಶೀಲಿಸಿ ಅದೇ ವರ್ಗದಲ್ಲಿ ಉಳಿಸಿತು. ರಾತ್ರಿ ಕೆಲಸ ಮಾಡಿದವರಿಗೆಲ್ಲ ರೋಗ ಬರುತ್ತದೆ ಎಂದು ಇದರ ಅರ್ಥವಲ್ಲ. ರಾತ್ರಿ ಪಾಳಿಯನ್ನು ಹಗುರವಾಗಿ ಹಂಚುವಂತಿಲ್ಲ, ಒಬ್ಬರ ಮೇಲೆಯೇ ಹೇರುವಂತಿಲ್ಲ ಎಂಬುದು ಇದರ ಪಾಠ. ರೋಗಿಗಳಿಗೆ ರಾತ್ರಿಯೂ ಜ್ವರವೇರುತ್ತದೆ, ಹೆರಿಗೆಗೆ ಹೊತ್ತುಗೊತ್ತಿಲ್ಲ. ರಾತ್ರಿ ಪಾಳಿ ಇರಲೇಬೇಕು. ಇರಲೇಬೇಕಾದುದನ್ನು ನ್ಯಾಯವಾಗಿ ಹಂಚಬೇಕು.

ನಮ್ಮ ಕಡೆ ಅನೇಕ ಆಸ್ಪತ್ರೆಗಳಲ್ಲಿ ರೂಢಿಯಲ್ಲಿರುವ ಕ್ರಮ ನಿಮಗೆ ಗೊತ್ತು. ಬೆಳಗ್ಗೆ 8ರಿಂದ ಮಧ್ಯಾಹ್ನ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಗ್ಗೆ 8. ಹಗಲಿನ ಎರಡು ಪಾಳಿ ಆರಾರು ಗಂಟೆ, ರಾತ್ರಿಯದು ಹನ್ನೆರಡು ಗಂಟೆ. ಮೂರೂ ಪಾಳಿಗಳನ್ನು ಎಂಟೆಂಟು ಗಂಟೆ ಮಾಡಬಾರದೇ? ಮಾಡಬಹುದು. ಆದರೆ ಆಗ ಎರಡನೆಯ ಪಾಳಿ ರಾತ್ರಿ ಹತ್ತು ಹನ್ನೊಂದಕ್ಕೆ ಮುಗಿಯುತ್ತದೆ. ಆ ಹೊತ್ತಿನಲ್ಲಿ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರಕ್ಕೆ ಹೋಗಬೇಕಾದ ಹುಡುಗಿ ಬಸ್ಸಿಗಾಗಿ ಒಬ್ಬಳೇ ನಿಲ್ಲಬೇಕು. ಆಸ್ಪತ್ರೆಯ ವಾಹನವಿದ್ದರೆ ಎಂಟು ಗಂಟೆಯ ಪಾಳಿಯೇ ಮೇಲು. ವಾಹನವಿಲ್ಲದಿದ್ದರೆ ಹಳೆಯ ಕ್ರಮವೇ ಸುರಕ್ಷಿತ. ಪಾಳಿಯ ಪಟ್ಟಿ ಬರೆಯುವವರು ಗಡಿಯಾರದ ಜೊತೆಗೆ ಬಸ್ಸಿನ ವೇಳೆಯನ್ನೂ ನೋಡಬೇಕೆಂಬುದು ಇದಕ್ಕೇ.

ಒಳ್ಳೆಯ ಪಟ್ಟಿಯ ಲಕ್ಷಣಗಳು ಗುಟ್ಟಿನವೇನಲ್ಲ. ಪಾಳಿ ಬದಲಾಗುವಾಗ ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಮುಂದೆ ಮುಂದೆ ಸರಿಯಬೇಕು; ಹಿಮ್ಮುಖವಾಗಿ ಸರಿದರೆ ದೇಹಕ್ಕೆ ಒಗ್ಗುವುದು ಕಷ್ಟ. ಒಟ್ಟಿಗೆ ಏಳೆಂಟು ರಾತ್ರಿಗಳನ್ನು ಕೊಡುವ ಬದಲು ಎರಡು ಮೂರಕ್ಕೆ ನಿಲ್ಲಿಸಬೇಕು. ಕೊನೆಯ ರಾತ್ರಿಯ ಬಳಿಕ ಪೂರ್ಣ ವಿಶ್ರಾಂತಿ ಇರಬೇಕು. ರಾತ್ರಿ ಮುಗಿಸಿದವಳನ್ನು ಅದೇ ಮಧ್ಯಾಹ್ನ ಮತ್ತೆ ಕರೆಯಬಾರದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1977ರಲ್ಲಿ ಶುಶ್ರೂಷಾ ಸಿಬ್ಬಂದಿಗಾಗಿಯೇ ಒಂದು ಒಡಂಬಡಿಕೆಯನ್ನೂ ಅದರೊಂದಿಗೆ 157ನೇ ಶಿಫಾರಸನ್ನೂ ಅಂಗೀಕರಿಸಿತು. ಎರಡು ಪಾಳಿಗಳ ನಡುವೆ ಕನಿಷ್ಠ 12 ಗಂಟೆಗಳ ಬಿಡುವಿರಬೇಕು, ವಾರದ ವಿಶ್ರಾಂತಿ ಯಾವ ಕಾರಣಕ್ಕೂ ಸತತ 36 ಗಂಟೆಗಳಿಗಿಂತ ಕಡಿಮೆಯಾಗಬಾರದು, ನರ್ಸು ತನ್ನ ಕೌಟುಂಬಿಕ ಜೀವನವನ್ನು ಹೊಂದಿಸಿಕೊಳ್ಳಲು ಅನುವಾಗುವಷ್ಟು ಮುಂಚಿತವಾಗಿ ಪಟ್ಟಿ ಆಕೆಯ ಕೈಸೇರಬೇಕು ಎಂಬುದು ಆ ಶಿಫಾರಸಿನ ಆಶಯ. ಶಿಫಾರಸಿಗೆ ಕಾನೂನಿನ ಬಲವಿಲ್ಲ, ನಿಜ. ಆದರೆ ನಾಳಿನ ಪಾಳಿ ಯಾವುದೆಂದು ಇಂದು ಸಂಜೆ ತಿಳಿದರೆ ಒಬ್ಬ ತಾಯಿ ಮಗುವನ್ನು ಯಾರ ಮಡಿಲಿಗೆ ಒಪ್ಪಿಸಬೇಕು ಎಂಬ ಪ್ರಶ್ನೆಗೆ ಕಾನೂನು ಬೇಕಿಲ್ಲ, ಮನುಷ್ಯತ್ವ ಸಾಕು.

ಒಂದು ಲೆಕ್ಕವನ್ನು ನಿಮ್ಮ ಮುಂದಿಡುತ್ತೇವೆ. ಮೂವತ್ತು ಹಾಸಿಗೆಗಳ ಒಂದು ವಾರ್ಡ್ ಇದೆ ಎಂದಿಟ್ಟುಕೊಳ್ಳಿ. ಪ್ರತಿ ಪಾಳಿಗೆ ಮೂವರು ನರ್ಸುಗಳು ಬೇಕು. ದಿನಕ್ಕೆ ಒಂಬತ್ತು, ವಾರಕ್ಕೆ 63 ಪಾಳಿಗಳಾದವು. ಬೋಧಕ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಬ್ಬ ನರ್ಸು, ಅದರ ಮೇಲೆ ರಜೆಗಾಗಿ ಶೇ. 30ರಷ್ಟು ಹೆಚ್ಚುವರಿ ಸಿಬ್ಬಂದಿ ಇರಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನದಂಡ. ಅಂದರೆ ಈ ವಾರ್ಡಿಗೆ ಹತ್ತು ಮತ್ತು ಮೂರು, ಒಟ್ಟು ಹದಿಮೂರು ಮಂದಿ. ಹನ್ನೆರಡು ಮಂದಿಯನ್ನು ಮೂವರಂತೆ ನಾಲ್ಕು ತಂಡ ಮಾಡಿ. ಪ್ರತಿ ತಂಡಕ್ಕೆ ಎರಡು ದಿನ ಬೆಳಗ್ಗೆ, ಎರಡು ದಿನ ಮಧ್ಯಾಹ್ನ, ಎರಡು ರಾತ್ರಿ, ಎರಡು ದಿನ ಬಿಡುವು. ಎಂಟು ದಿನಗಳ ಈ ಚಕ್ರದಲ್ಲಿ ಕೆಲಸ 48 ಗಂಟೆ. ಕೊನೆಯ ರಾತ್ರಿ ಮುಗಿದ ಬಳಿಕ ಸತತ 48 ಗಂಟೆ ವಿಶ್ರಾಂತಿ. ಹದಿಮೂರನೆಯವಳು ರಜೆ ಹಾಕಿದವರ ಜಾಗಕ್ಕೆ. ಈ ಪಟ್ಟಿಯನ್ನು ಮೂರು ತಿಂಗಳಿಗೆ ಮುಂಚಿತವಾಗಿಯೇ ಗೋಡೆಗೆ ಅಂಟಿಸಬಹುದು.

ಈಗ ಅದೇ ವಾರ್ಡಿಗೆ ಎಂಟೇ ಮಂದಿಯನ್ನು ನೇಮಿಸಿದರೆ ಏನಾಗುತ್ತದೆ? 63 ಪಾಳಿಗಳನ್ನು ಎಂಟು ಮಂದಿಗೆ ಹಂಚಿದರೆ ತಲೆಗೆ ಸುಮಾರು ಎಂಟು ಪಾಳಿ. ಏಳು ದಿನಗಳ ವಾರದಲ್ಲಿ ಎಂಟು ಪಾಳಿ! ವಾರದ ರಜೆಯೂ ಇಲ್ಲ, ಯಾವುದೋ ಒಂದು ದಿನ ಎರಡು ಪಾಳಿ ಒಟ್ಟಿಗೆ. ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಎಷ್ಟೇ ಕರುಣಾಮಯಿಯಾಗಿದ್ದರೂ ಈ ಲೆಕ್ಕವನ್ನು ಕರುಣೆಯಿಂದ ಸರಿಪಡಿಸಲಾರರು. ‘ಸಿಸ್ಟರ್ ಸಿಡುಕುತ್ತಾರೆ’ ಎಂದು ದೂರುವ ಮುನ್ನ ಆ ಸಿಸ್ಟರ್ ಎಷ್ಟು ರೋಗಿಗಳಿಗೆ ಒಬ್ಬರು ಎಂದು ನಾವು ಕೇಳಬೇಕು.

ಇದು ರೋಗಿಯ ಪ್ರಾಣದ ಪ್ರಶ್ನೆಯೂ ಹೌದು. ಅಮೆರಿಕದಲ್ಲಿ 393 ನರ್ಸುಗಳ ದಿನಚರಿಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಪಾಳಿ ಹನ್ನೆರಡೂವರೆ ಗಂಟೆ ತಲುಪಿದಾಗ ತಪ್ಪಾಗುವ ಸಾಧ್ಯತೆ ಸುಮಾರು ಮೂರು ಪಟ್ಟಾಗುತ್ತದೆ ಎಂದು ಅದು ತೋರಿಸಿತು. ನಮ್ಮ ರಾತ್ರಿ ಪಾಳಿ ಹನ್ನೆರಡು ಗಂಟೆಯದು. ಬೆಳಗಿನವರು ಅರ್ಧ ಗಂಟೆ ತಡವಾದರೆ ಸಾಕು, ಆ ಗಡಿಯಲ್ಲಿದ್ದೇವೆ. ಔಷಧಿಯ ಪ್ರಮಾಣ ಅಳೆಯುವ ಕೈ ನಡುಗಬಾರದೆಂದರೆ ಆ ಕೈಗೆ ನಿದ್ರೆ ಸಿಕ್ಕಿರಬೇಕು.

ಸಿಬ್ಬಂದಿ ಏಕೆ ಕಡಿಮೆ ಎಂಬ ಪ್ರಶ್ನೆ ನಮ್ಮನ್ನು ರಾಜಕೀಯಕ್ಕೆ ಒಯ್ಯುತ್ತದೆ. 2016ರ ಜನವರಿ 29ರಂದು ಸುಪ್ರೀಂ ಕೋರ್ಟು ಖಾಸಗಿ ಆಸ್ಪತ್ರೆಗಳ ನರ್ಸುಗಳ ಸ್ಥಿತಿಗತಿ ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಗಳಲ್ಲಿ ಸರಕಾರಿ ನರ್ಸಿಗೆ ಸಮನಾದ ವೇತನ, 100ರಿಂದ 200 ಹಾಸಿಗೆಗಳಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕಡಿತವಿಲ್ಲ, 50ರಿಂದ 100 ಇದ್ದರೆ ಶೇ. 25ಕ್ಕಿಂತ ಹೆಚ್ಚು ಕಡಿತವಿಲ್ಲ, ಅದಕ್ಕಿಂತ ಸಣ್ಣ ಆಸ್ಪತ್ರೆಗಳಲ್ಲೂ ಕನಿಷ್ಠ 20,000 ರೂಪಾಯಿ ಎಂದು ಆ ಸಮಿತಿ ಶಿಫಾರಸು ಮಾಡಿತು. ಕೆಲಸದ ಅವಧಿ, ರಜೆ, ಸಾರಿಗೆ, ವಸತಿಗಳೂ ಸರಕಾರಿ ನರ್ಸುಗಳಿಗೆ ಸಮನಾಗಿರಬೇಕೆಂದಿತು. ಮತ ಕೇಳಲು ಬರುವವರಿಗೆ ನಾವು ರಸ್ತೆ, ಚರಂಡಿ, ಖಬರಸ್ತಾನದ ಗೋಡೆಯ ಬಗ್ಗೆ ಕೇಳುತ್ತೇವೆ. ನಮ್ಮ ಊರಿನ ಆಸ್ಪತ್ರೆಗಳಲ್ಲಿ ರಾತ್ರಿ ಎಷ್ಟು ರೋಗಿಗಳಿಗೆ ಒಬ್ಬ ನರ್ಸು ಎಂದೂ ಕೇಳೋಣ. ಸರಕಾರಿ ಆಸ್ಪತ್ರೆಯ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದುದು ಎಷ್ಟು ಎಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅದಕ್ಕೆ ಒಂದು ಅರ್ಜಿ ಸಾಕು.

ಇನ್ನು ಸುರಕ್ಷತೆಯ ಮಾತು. ತಂದೆ ತಾಯಿಯರ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದರು. 1973ರ ನವೆಂಬರ್ 27ರಂದು, ಕೆಲಸ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಾಯಿಸುತ್ತಿದ್ದಾಗ ಅದೇ ಆಸ್ಪತ್ರೆಯ ನೌಕರನೊಬ್ಬ ಅವರ ಮೇಲೆ ಪಾಶವೀ ದಾಳಿ ನಡೆಸಿದ. 2015ರ ಮೇ 18ರಂದು ನಿಧನರಾಗುವವರೆಗೆ, 41 ವರ್ಷಗಳಿಗೂ ಹೆಚ್ಚು ಕಾಲ, ಅವರು ಹಾಸಿಗೆಯಲ್ಲೇ ಇದ್ದರು. ಅಷ್ಟೂ ವರ್ಷ ಅವರನ್ನು ಮಗುವಿನಂತೆ ನೋಡಿಕೊಂಡವರು ಅಲ್ಲಿನ ನರ್ಸುಗಳು, ತಮ್ಮ ತಮ್ಮ ಪಾಳಿಗಳಲ್ಲಿ. 2024ರ ಆಗಸ್ಟ್ 9ರಂದು ಕೊಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ದೀರ್ಘ ಕರ್ತವ್ಯದ ನಡುವೆ ಸಭಾಕೊಠಡಿಯಲ್ಲಿ ವಿಶ್ರಮಿಸುತ್ತಿದ್ದ ಯುವ ವೈದ್ಯೆಯ ಅತ್ಯಾಚಾರ ಮತ್ತು ಕೊಲೆ ನಡೆಯಿತು. ಐವತ್ತು ವರ್ಷಗಳ ಅಂತರದ ಈ ಎರಡು ಘಟನೆಗಳು ಹೇಳುವುದು ಒಂದೇ: ಬಟ್ಟೆ ಬದಲಾಯಿಸಲು, ಮಲಗಲು ಚಿಲಕವಿರುವ ಕೋಣೆ ಬೇಕು, ಬೆಳಕಿರುವ ಕಾರಿಡಾರು ಬೇಕು, ರಾತ್ರಿ ಯಾವ ವಾರ್ಡಿನಲ್ಲೂ ಹೆಣ್ಣುಮಗಳು ಒಬ್ಬಳೇ ಇರಬಾರದು. ಇವುಗಳನ್ನು ಕೇಳುವುದು ತಂದೆ ತಾಯಿಯರ ಹಕ್ಕು. ಆದರೆ ಮಗಳನ್ನು ಮನೆಯಲ್ಲಿ ಕೂರಿಸುವುದು ಇದಕ್ಕೆ ಪರಿಹಾರವಲ್ಲ. ಹೆರಿಗೆಯ ಕೋಣೆಯಲ್ಲಿ ನಮ್ಮ ಹೆಂಗಸರನ್ನು ಹೆಂಗಸರೇ ನೋಡಿಕೊಳ್ಳಬೇಕೆಂದು ಬಯಸುವವರು ನಾವು. ಹೆರಿಗೆ ರಾತ್ರಿ ಎರಡಕ್ಕಾದರೆ ಅಲ್ಲಿರಬೇಕಾದವಳು ಯಾರ ಮಗಳು?

ಇತಿಹಾಸದಲ್ಲಿ ಖಂದಕ್ ಯುದ್ಧದ ಗಾಯಾಳು ಸಅದ್ ಬಿನ್ ಮುಆದ್‌ರ ಆರೈಕೆಗಾಗಿ ಪ್ರವಾದಿವರ್ಯರ(ಸ) ಮಸೀದಿಯ ಆವರಣದಲ್ಲೇ ಇದ್ದ ರುಫೈದಾರ ಡೇರೆಯ ಉಲ್ಲೇಖವಿದೆ. ಶುಶ್ರೂಷೆ ನಮಗೆ ಹೊರಗಿನಿಂದ ಬಂದ ವೃತ್ತಿಯಲ್ಲ.

ಈಗ ಮನೆಯ ಪಟ್ಟಿಗೆ ಬರೋಣ. ಆಸ್ಪತ್ರೆಯ ಪಟ್ಟಿ ಕೈಗೆ ಬಂದ ದಿನವೇ ಅದರ ಪಕ್ಕದಲ್ಲಿ ಮನೆಯ ಪಟ್ಟಿಯನ್ನು ಬರೆಯಿರಿ. ರಾತ್ರಿ ಪಾಳಿಯ ಮರುದಿನ ಬೆಳಗಿನ ನಾಷ್ಟಾ ಯಾರ ಕೆಲಸ? ಮಗುವನ್ನು ಶಾಲೆಗೆ ಬಿಡುವವರು ಯಾರು? ಅತ್ತೆಯವರ ಮೇಲೆಯೇ ಎಲ್ಲವನ್ನೂ ಹೇರಬೇಡಿ. ಅವರೂ ದಣಿದ ಜೀವ. ಪತಿಯ ಹೆಸರು ಈ ಪಟ್ಟಿಯಲ್ಲಿ ಎಷ್ಟು ಬಾರಿ ಬಂದಿದೆ ಎಂದು ಎಣಿಸಿ ನೋಡಿ. ಮನೆಯೊಳಗಿದ್ದಾಗ ಕುಟುಂಬದ ಕೆಲಸದಲ್ಲಿ ತೊಡಗಿರುತ್ತಿದ್ದುದು ಪ್ರವಾದಿವರ್ಯರ(ಸ) ರೂಢಿಯಾಗಿತ್ತು ಎಂದು ಹಜ್ರತ್ ಆಯಿಶಾರಿಂದ(ರ) ನಾವು ಅರಿತಿದ್ದೇವೆ. ಒಲೆಯ ಮುಂದೆ ನಿಂತರೆ ಗಂಡಸುತನ ಕರಗುತ್ತದೆ ಎಂಬುದು ಧರ್ಮದ ಮಾತಲ್ಲ, ಮೊಹಲ್ಲಾದ ಮಾತು.

ಮಲಗುವ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿ. ಆಕೆಯ ಫೋನು ಬೇರೆಯವರ ಕೈಯಲ್ಲಿರಲಿ. ಪಾಳಿಗೆ ಹೊರಡುವ ಮುನ್ನ ಸಂಜೆ ಒಂದೂವರೆ ಗಂಟೆ ಮಲಗಲು ಬಿಡಿ. ರಾತ್ರಿಗೆ ಭಾರೀ ಊಟ ಬೇಡ, ಹಗುರವಾದುದನ್ನು ಕಟ್ಟಿಕೊಡಿ. ಪಾಳಿಯ ಕೊನೆಯ ಕೆಲವು ಗಂಟೆಗಳಲ್ಲಿ ಚಹಾ, ಕಾಫಿ ಕುಡಿದರೆ ಬೆಳಗಿನ ನಿದ್ರೆ ಕೆಡುತ್ತದೆ. ರಾತ್ರಿಯೆಲ್ಲ ಎಚ್ಚರವಿದ್ದವಳು ಬೆಳಗ್ಗೆ ಸ್ಕೂಟರ್ ಓಡಿಸುವುದು ಅಪಾಯಕಾರಿ. ಸಾಧ್ಯವಾದಾಗಲೆಲ್ಲ ಪತಿಯೋ ತಮ್ಮನೋ ಹೋಗಿ ಕರೆತರಲಿ. ನೆಂಟರ ಮನೆಯ ಸಮಾರಂಭಕ್ಕೆ ಬರಲಿಲ್ಲವೆಂದು ಆಕೆಯನ್ನು ಅಹಂಕಾರಿ ಎನ್ನಬೇಡಿ.

ಸಲ್ಮಾನ್ ಫಾರಿಸೀಯವರ(ರ) ಪ್ರಸಂಗ ನಿಮಗೆ ತಿಳಿದದ್ದೇ. ಅಬೂ ದರ್ದಾರ(ರ) ಮನೆಗೆ ಹೋದಾಗ ಅವರು ಹಗಲೆಲ್ಲ ಉಪವಾಸ, ಇರುಳೆಲ್ಲ ನಮಾಝಿನಲ್ಲಿ ಕಳೆಯುತ್ತಿದ್ದುದನ್ನು, ಮನೆಯಾಕೆ ಉದಾಸೀನಕ್ಕೆ ಒಳಗಾಗಿದ್ದುದನ್ನು ಸಲ್ಮಾನ್ ಕಂಡರು. ಅವರನ್ನು ಒತ್ತಾಯಿಸಿ ಉಣ್ಣಿಸಿದರು, ಮಲಗಿಸಿದರು. ದೇವನ ಹಕ್ಕಿನ ಜೊತೆಗೆ ಸ್ವಂತ ದೇಹಕ್ಕೂ ಮನೆಯವರಿಗೂ ಹಕ್ಕುಗಳಿವೆಯೆಂದು ತಿಳಿಹೇಳಿದರು. ಪ್ರವಾದಿವರ್ಯರು(ಸ) ಅದನ್ನು ಅನುಮೋದಿಸಿದರು. ಇರುಳಿನ ಆರಾಧನೆಗೇ ಮಿತಿಯಿರುವಾಗ ಇರುಳಿನ ದುಡಿಮೆಗೆ ಮಿತಿ ಬೇಡವೇ? ಈ ಮಾತನ್ನು ನರ್ಸ್ ಸಹೋದರಿಯರಿಗೂ ಹೇಳುತ್ತೇವೆ. ಹೆಚ್ಚುವರಿ ಹಣದ ಆಸೆಗೆ ಮೇಲಿಂದ ಮೇಲೆ ಎರಡೆರಡು ಪಾಳಿ ಒಪ್ಪಿಕೊಳ್ಳಬೇಡಿ. ನಿಮ್ಮ ಪಾಳಿಗಳನ್ನು ಒಂದು ಡೈರಿಯಲ್ಲಿ ಬರೆದಿಡಿ. ಅನ್ಯಾಯವಾದಾಗ ಬಾಯಿಮಾತಿಗಿಂತ ಬರೆದ ಲೆಕ್ಕ ಬಲವಾಗಿ ಮಾತಾಡುತ್ತದೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯದ ಕಾನೂನು ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆಯನ್ನೂ, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೊಠಡಿಯನ್ನೂ ಕಡ್ಡಾಯಗೊಳಿಸಿತು. ಕೇಳಲು ಸಂಕೋಚಪಡಬೇಡಿ.

ಹಬ್ಬಗಳ ಪಾಳಿಯನ್ನು ಸಹೋದ್ಯೋಗಿಗಳೊಂದಿಗೆ ಪ್ರೀತಿಯಿಂದ ಹಂಚಿಕೊಳ್ಳಿ. ದೀಪಾವಳಿಯಂದು ಹಿಂದೂ ಸೋದರಿಯ ಪಾಳಿಯನ್ನೂ ಕ್ರಿಸ್‌ಮಸ್ಸಿನಂದು ಕ್ರೈಸ್ತ ಸೋದರಿಯ ಪಾಳಿಯನ್ನೂ ನಾವಾಗಿ ಕೇಳಿ ಪಡೆದರೆ ಈದ್‌ನ ದಿನ ನಮಗೆ ಬಿಡುವು ತಾನಾಗಿ ಸಿಗುತ್ತದೆ. ಸೌಹಾರ್ದದ ಬಗ್ಗೆ ನೂರು ಭಾಷಣ ಮಾಡುವುದಕ್ಕಿಂತ ಇದು ಮೇಲು. ರಂಝಾನಿನಲ್ಲಿ ಮನೆಯ ಪಟ್ಟಿ ಇನ್ನಷ್ಟು ಮುಖ್ಯ. ಇಫ್ತಾರಿನ ಹೊತ್ತಿಗೆ ವಾರ್ಡಿನಲ್ಲಿ ಖರ್ಜೂರ, ನೀರಿನಿಂದ ಉಪವಾಸ ಬಿಡುವವಳ ಸಹರಿಯನ್ನಾದರೂ ಮನೆಯವರು ಸಿದ್ಧಪಡಿಸಲಿ.

ಮಸೀದಿಗಳ ಆಡಳಿತದವರಲ್ಲಿ ಒಂದು ವಿನಂತಿ. ಜುಮಾದ ಪ್ರವಚನದಲ್ಲಿ ಒಮ್ಮೆ ಈ ವಿಷಯವನ್ನು ಎತ್ತಿರಿ. ಗಂಡು ಮಕ್ಕಳ ತಂದೆ ತಾಯಿಯರಲ್ಲಿ ಇನ್ನೊಂದು ವಿನಂತಿ. ನರ್ಸ್ ಹುಡುಗಿಯ ಸಂಬಂಧ ಬಂದಾಗ ‘ನೈಟ್ ಡ್ಯೂಟಿ ಇದೆಯೇ?’ ಎಂದು ಕೇಳುವ ಬದಲು ‘ನೈಟ್ ಡ್ಯೂಟಿ ಇರುವ ದಿನ ನಾವು ಏನು ಮಾಡಬೇಕು?’ ಎಂದು ಕೇಳಿರಿ. ಎರಡು ಪ್ರಶ್ನೆಗಳ ನಡುವೆ ಇರುವುದು ಕೆಲವೇ ಪದಗಳ ವ್ಯತ್ಯಾಸ. ಆದರೆ ಮೊದಲನೆಯದು ಒಬ್ಬ ಶುಶ್ರೂಷಕಿಯನ್ನು ಮನೆಗೆ ಕಳುಹಿಸುತ್ತದೆ, ಎರಡನೆಯದು ಆಕೆಯನ್ನು ರೋಗಿಯ ಬಳಿ ಉಳಿಸುತ್ತದೆ. ನಾಳೆ ನಡುರಾತ್ರಿ ನಮ್ಮ ತಾಯಿಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಓಡಿದಾಗ ಅಲ್ಲಿ ಎಚ್ಚರವಿರುವ, ದಣಿಯದ ಒಬ್ಬ ನರ್ಸು ಇರಬೇಕೆಂದರೆ ಇಂದು ಹಗಲು ಆಕೆ ನೆಮ್ಮದಿಯಾಗಿ ಮಲಗಿರಬೇಕು. ಆ ನೆಮ್ಮದಿಯನ್ನು ಕೊಡುವುದು ನಮ್ಮ ಮನೆಗಳ ಕೈಯಲ್ಲಿದೆ. ಅಲ್ಲಾಹನು ನಮಗೆ ಆ ವಿವೇಕವನ್ನು ದಯಪಾಲಿಸಲಿ. ಆಮೀನ್.